ಬ್ರೆಜಿಲ್‌ಗೆ ಹೊರಟವರು ಹಿಂದಿರುಗುವ ಸಿದ್ಧತೆಯನ್ನೂ ಮಾಡಿಕೊಳ್ಳಲಿ

ಪರದೇಶಕ್ಕೆ ಹೊರಟವರಿಗೆ ಪೆಟ್ಟಿಗೆಯಲ್ಲಿ ಏನೇನು ತುಂಬಬೇಕೆಂದು ಹೇಳಿಕೊಡುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಉಪ್ಪಿನಕಾಯಿ, ಕುಚ್ಚಲಕ್ಕಿ, ತಲೆನೋವಿನ ಮುಲಾಮು, ಎಲ್ಲದಕ್ಕೂ ಒಬ್ಬೊಬ್ಬ ಸಲಹೆಗಾರರು ಇರುತ್ತಾರೆ. ಆದರೆ ಅಲ್ಲಿಂದ ಬರುವಾಗ ಏನನ್ನು ತರಬಾರದು, ಮೈಯಲ್ಲಿ ಯಾವ ರೋಗವನ್ನು ಹೊತ್ತು ತರಬಾರದು ಎಂದು ಹೇಳುವವರು ಕಡಿಮೆ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ಮಟ್ಟಿಗಂತೂ ಈ ಎರಡನೆಯ ಮಾತೇ ಮುಖ್ಯವಾದದ್ದು. ಅಲ್ಲಿಗೆ ಹೋಗುವವರು ಮಗನನ್ನೋ ಮಗಳನ್ನೋ ನೋಡಲು ಹೋಗುವವರಿರಬಹುದು, ಅಪರೆಸಿಡಾ ಪುಣ್ಯಕ್ಷೇತ್ರದ ಯಾತ್ರಿಕರಿರಬಹುದು, ಉಬೆರಾಬಾ ಪಟ್ಟಣದ ದನಗಳ ಪ್ರದರ್ಶನ ನೋಡಲು ಹೊರಟ ಕೃಷಿಕರಿರಬಹುದು. ಯಾರೇ ಆಗಲಿ, ರಬ್ಬರ್, ಕೊಕ್ಕೊ, ಗೇರು ಬೆಳೆಯುವ ಊರಿನಿಂದ ಹೊರಟು ಅದೇ ಊರಿಗೆ ಮರಳುವವರು ನಾವು ಎಂಬುದನ್ನು ಮರೆಯಬಾರದು.

ಮೊದಲು ಚುಚ್ಚುಮದ್ದಿನ ವಿಷಯ. ಬ್ರೆಜಿಲ್‌ನಲ್ಲಿ ಹಳದಿ ಜ್ವರವಿದೆ. ಹೆಸರು ಕೇಳಿ ಇದನ್ನು ನಮ್ಮ ಕಾಮಾಲೆ ಎಂದು ತಿಳಿಯಬೇಡಿ. ಕಣ್ಣು ಹಳದಿಯಾಗುವುದೊಂದೇ ಎರಡಕ್ಕೂ ಇರುವ ಹೋಲಿಕೆ. ಇದು ಸೊಳ್ಳೆಯಿಂದ ಬರುವ ವೈರಸ್ ರೋಗ. ಹೆಚ್ಚಿನವರಿಗೆ ನಾಲ್ಕು ದಿನ ಜ್ವರ, ಬೆನ್ನುನೋವು ಕಾಡಿ ಹೋಗುತ್ತದೆ. ಆದರೆ ಕೆಲವರಲ್ಲಿ ರೋಗವು ಮರಳಿ ತಲೆಯೆತ್ತಿ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಆ ಹಂತಕ್ಕೆ ಹೋದವರಲ್ಲಿ ಅರ್ಧದಷ್ಟು ಜನ ಏಳರಿಂದ ಹತ್ತು ದಿನಗಳೊಳಗೆ ಸಾಯುತ್ತಾರೆ. ಇದನ್ನು ಗುಣಪಡಿಸುವ ನಿರ್ದಿಷ್ಟ ಔಷಧವಿಲ್ಲ. ಆದರೆ ಲಸಿಕೆ ಇದೆ, ಅದೂ ಬಹಳ ಒಳ್ಳೆಯ ಲಸಿಕೆ. ಅದನ್ನು ಕಂಡುಹಿಡಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಹುಮಾನ ಬಂತು. ಒಂದೇ ಚುಚ್ಚುಮದ್ದು ಸಾಕು. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕೆಂಬ ಹಳೆಯ ನಿಯಮ 2016ರ ಜುಲೈಯಲ್ಲಿ ರದ್ದಾಗಿ, ಈಗ ಆ ಪ್ರಮಾಣಪತ್ರ ಜೀವನಪರ್ಯಂತ ಸಲ್ಲುತ್ತದೆ.

ಇಲ್ಲೊಂದು ಗೊಂದಲವಿದೆ. ಭಾರತದಿಂದ ನೇರವಾಗಿ ಹೋಗುವವರನ್ನು ಬ್ರೆಜಿಲ್ ಸರ್ಕಾರ ಈ ಪ್ರಮಾಣಪತ್ರಕ್ಕಾಗಿ ತಡೆಯುವುದಿಲ್ಲ, ಲಸಿಕೆ ಹಾಕಿಸಿಕೊಳ್ಳಿರೆಂದು ಸಲಹೆ ಕೊಡುತ್ತದೆ, ಅಷ್ಟೇ. ಇದನ್ನು ಕೇಳಿ ಕೆಲವರು ‘ಹಾಗಾದರೆ ಬೇಕಾಗಿಲ್ಲ’ ಎಂದು ಸುಮ್ಮನಾಗುತ್ತಾರೆ. ಕಾಗದ ಕೇಳುವುದು ಬ್ರೆಜಿಲ್ ಅಲ್ಲ, ನಮ್ಮದೇ ಸರ್ಕಾರ, ಅದೂ ಹಿಂದೆ ಬಂದಿಳಿದಾಗ. ಹಳದಿ ಜ್ವರವಿರುವ ದೇಶವನ್ನು ಬಿಟ್ಟು ಆರು ದಿನ ತುಂಬುವ ಮೊದಲು ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳ ಅವಧಿ ಮುಗಿಯುವ ತನಕ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ಆ ಪತ್ರಕ್ಕೂ ಒಂದು ಕಟ್ಟುನಿಟ್ಟು ಉಂಟು. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಅದಕ್ಕೆ ಬೆಲೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುವುದರಿಂದ, ಎಲ್ಲ ಕೇಂದ್ರಗಳಲ್ಲೂ ದಿನವೂ ಹಾಕುವುದಿಲ್ಲವಾದ್ದರಿಂದ, ಟಿಕೆಟ್ ತೆಗೆದ ವಾರದಲ್ಲೇ ವಿಚಾರಿಸುವುದು ಲೇಸು. ಹೋಗುವಾಗ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ, ಅದರ ಸಂಖ್ಯೆಯನ್ನು ಹಳದಿ ಪುಸ್ತಕದಲ್ಲಿ ಬರೆಯುತ್ತಾರೆ.

ಇದು ಜೀವಂತ ವೈರಸ್ಸಿನಿಂದ ಮಾಡಿದ ಲಸಿಕೆ. ಆದ್ದರಿಂದ ಆರು ತಿಂಗಳೊಳಗಿನ ಶಿಶುಗಳಿಗೆ ಖಂಡಿತ ಸಲ್ಲದು. ಗರ್ಭಿಣಿಯರು, ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತಿನ್ನುವವರು ವೈದ್ಯರಿಗೆ ಎಲ್ಲವನ್ನೂ ಬಿಚ್ಚಿ ಹೇಳತಕ್ಕದ್ದು. ಅರುವತ್ತು ದಾಟಿದವರಲ್ಲಿ ಅಡ್ಡಪರಿಣಾಮಗಳ ಸಾಧ್ಯತೆ ಸ್ವಲ್ಪ ಹೆಚ್ಚು. ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಗೆ ಲಸಿಕೆ ಕೊಡಬಾರದೆಂದು ವೈದ್ಯರು ಬರೆದುಕೊಟ್ಟರೆ, ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಜೊತೆಗೆ, ಆ ಅಜ್ಜಿಯನ್ನು ಕಾಡು, ಜಲಪಾತ, ಕೋತಿಗಳಿರುವ ತೋಟ ಎಂದು ಸುತ್ತಿಸುವ ಆಸೆಯನ್ನು ಮಕ್ಕಳು ಬಿಡಬೇಕು. ನನ್ನ ಅಭಿಪ್ರಾಯದಲ್ಲಿ ಇದು ನಿಷ್ಠುರವಲ್ಲ, ಪ್ರೀತಿಯೇ.

ಲಸಿಕೆಯ ಬದಲು ಬರಿಯ ಮೊಹರಿನ ಪುಸ್ತಕವನ್ನು ದುಡ್ಡು ಕೊಟ್ಟು ಮಾಡಿಸಿಕೊಂಡರಾಯಿತು ಎನ್ನುವವರೂ ಇದ್ದಾರೆ. ‘ಸೂಜಿ ಯಾಕೆ, ಕಾಗದ ಸಾಕಲ್ಲ’ ಎಂಬ ಮಾತು ಕೇಳಲು ಜಾಣತನದಂತೆ ತೋರುತ್ತದೆ. ಅದು ಕಾನೂನಿನ ತಪ್ಪು ಮಾತ್ರವಲ್ಲ, ನೆರೆಕರೆಯವರ ಪ್ರಾಣದ ಮೇಲಿನ ಜೂಜು ಎಂದು ನಾನು ಹೇಳುತ್ತೇನೆ. ಕಾರಣ ನೋಡಿ. ಹಳದಿ ಜ್ವರ ಏಷ್ಯಾ ಖಂಡದಲ್ಲಿ ಇಂದಿನವರೆಗೆ ಬೇರೂರಿಲ್ಲ. ಆದರೆ ಅದನ್ನು ಊರಿನಲ್ಲಿ ಹಬ್ಬಿಸಬಲ್ಲ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮಲ್ಲಿ ಯಥೇಚ್ಛವಾಗಿದೆ. ಡೆಂಗ್ಯೂ, ಚಿಕುನ್‌ಗುನ್ಯಾ ತರುವ ಅದೇ ಹಗಲು ಸೊಳ್ಳೆ. ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಕಟ್ಟಿ ಮರೆತ ಗೆರಟೆಯಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ಕೊಕ್ಕೊ ಕೋಡಿನ ಒಣ ಸಿಪ್ಪೆಯಲ್ಲಿ ಈಡಿಸ್ ಜಾತಿಯ ಸೊಳ್ಳೆಗಳು ಹೇಗೆ ಮರಿಮಾಡುತ್ತವೆಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಕಿಪೊಟ್ಟಣ ಮಾತ್ರ ಇಲ್ಲ, ಒಣಹುಲ್ಲು ಸಿದ್ಧವಾಗಿದೆ. 2016ರಲ್ಲಿ ಆಂಗೋಲಾದಲ್ಲಿ ಹಳದಿ ಜ್ವರ ಹಬ್ಬಿದಾಗ ಅಲ್ಲಿಂದ ಚೀನಾಕ್ಕೆ ಮರಳಿದ ಹನ್ನೊಂದು ಮಂದಿಯಲ್ಲಿ ಆ ರೋಗ ಪತ್ತೆಯಾಯಿತು. ಅದು ಅಲ್ಲಿಗೇ ನಿಂತದ್ದು ಪುಣ್ಯ.

ಬ್ರೆಜಿಲ್‌ನಲ್ಲಿಯೂ ಈ ರೋಗ ಅಮೆಜಾನ್ ಕಾಡಿಗೆ ಮಾತ್ರ ಸೀಮಿತವೆಂದು ಬಹುಕಾಲ ತಿಳಿದಿದ್ದರು. 2016ರ ಕೊನೆಯಿಂದ 2018ರವರೆಗೆ ಅದು ಮಿನಾಸ್ ಜೆರೈಸ್, ಎಸ್ಪಿರಿತು ಸಾಂತು, ರಿಯೊ, ಸಾವ್ ಪಾವ್ಲೊ ರಾಜ್ಯಗಳ ದಟ್ಟ ಜನವಸತಿಯ ಅಂಚಿಗೇ ಬಂತು. ಮೊದಲು ಸತ್ತದ್ದು ಕೂಗುಕೋತಿಗಳು. ಕೋತಿಗಳೇ ರೋಗ ಹರಡುತ್ತವೆಂದು ತಿಳಿದು ಜನ ಅವುಗಳನ್ನು ಹೊಡೆದು ಕೊಂದರು, ಅದು ಅನ್ಯಾಯ. ಕೋತಿ ಸತ್ತು ಬಿದ್ದಿದ್ದರೆ ಅದು ಮನುಷ್ಯನಿಗೆ ಎಚ್ಚರಿಕೆಯ ಗಂಟೆ. ಶಿವಮೊಗ್ಗದ ಕಡೆ 1957ರಿಂದ ಕಂಡ, 2015ರಲ್ಲಿ ವಯನಾಡಿನಲ್ಲೂ ಜೀವ ತೆಗೆದ ಮಂಗನ ಕಾಯಿಲೆಯನ್ನು ಬಲ್ಲ ನಮಗೆ ಈ ಪಾಠ ಹೊಸತಲ್ಲ.

ಇತರ ರೋಗಗಳ ಬಗ್ಗೆಯೂ ಒಂದೆರಡು ಮಾತು. 2024ರಲ್ಲಿ ಬ್ರೆಜಿಲ್‌ನಲ್ಲಿ ಡೆಂಗ್ಯೂ ಶಂಕಿತರ ಸಂಖ್ಯೆ 60 ಲಕ್ಷ ದಾಟಿತ್ತು. ಉದ್ದ ತೋಳಿನ ಅಂಗಿ, ಸೊಳ್ಳೆ ಓಡಿಸುವ ಮುಲಾಮು ಹಗಲಿಗೂ ಬೇಕು. ಅಮೆಜಾನ್ ಕಡೆ ಹೋಗುವವರು ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರಲ್ಲಿ ಕೇಳಬೇಕು. ದನದ ಹಟ್ಟಿ, ಹುಲ್ಲುಗಾವಲು ನೋಡಹೋಗುವವರು ಉಣ್ಣಿಯ ವಿಷಯದಲ್ಲಿ ಜಾಗ್ರತೆ ವಹಿಸಬೇಕು. ಉಣ್ಣಿಯಿಂದ ಬರುವ ಚುಕ್ಕೆಜ್ವರ ಅಲ್ಲಿ ಮಾರಕ. 2023ರ ಜೂನ್‌ನಲ್ಲಿ ಕಾಂಪಿನಾಸ್ ನಗರದ ಹಳ್ಳಿಗಾಡಿನ ತೋಟವೊಂದರ ಸಮಾರಂಭಗಳಿಗೆ ಹೋಗಿದ್ದವರಲ್ಲಿ ಕೆಲವರು ಈ ಜ್ವರದಿಂದ ಸತ್ತರು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಮಾತ್ರೆಯಿಂದಲೇ ಗುಣವಾಗುವ ರೋಗ ಅದು. ಸಂಜೆ ಸ್ನಾನ ಮಾಡುವಾಗ ಮೈಯೆಲ್ಲ ತಡವಿ ನೋಡುವ ಅಭ್ಯಾಸ ಮಾಡಿಕೊಂಡರೆ ಸಾಕು, ಖರ್ಚಿಲ್ಲ.

ಇನ್ನು ಕಬ್ಬಿನ ಹಾಲು. ನಮ್ಮವರು ಎಲ್ಲಿ ಕಬ್ಬಿನ ಗಾಣ ಕಂಡರೂ ನಿಲ್ಲುತ್ತಾರೆ, ಅಲ್ಲಿಯೂ ಅದು ಬೀದಿ ಬೀದಿಯಲ್ಲಿ ಸಿಗುತ್ತದೆ. 2005ರಲ್ಲಿ ಸಾಂತಾ ಕತರಿನಾ ರಾಜ್ಯದ ರಸ್ತೆಬದಿಯ ಅಂಗಡಿಯೊಂದರಲ್ಲಿ ಕಬ್ಬಿನ ಹಾಲು ಕುಡಿದವರಿಗೆ ಶಾಗಸ್ ರೋಗ ತಗಲಿ ಕೆಲವರು ತೀರಿಕೊಂಡರು. 1909ರಲ್ಲಿ ಕಾರ್ಲೊಸ್ ಶಾಗಸ್ ಎಂಬ ಬ್ರೆಜಿಲ್ ವೈದ್ಯ ಪತ್ತೆಹಚ್ಚಿದ ರೋಗವಿದು. ತಿಗಣೆಯ ದೊಡ್ಡಣ್ಣನಂತಹ, ರಾತ್ರಿ ಮುಖಕ್ಕೆ ಕಚ್ಚುವ ಒಂದು ಕೀಟ ಇದನ್ನು ಹರಡುತ್ತದೆ. ಮುಖಕ್ಕೆ ಬರುವುದರಿಂದ ಅಲ್ಲಿನವರು ಅದನ್ನು ‘ಕ್ಷೌರಿಕ’ ಎಂದೇ ಕರೆಯುತ್ತಾರೆ. ಆ ಕೀಟವೋ ಅದರ ಹಿಕ್ಕೆಯೋ ಕಬ್ಬಿನೊಂದಿಗೆ ಗಾಣಕ್ಕೆ ಸಿಕ್ಕಿದರೆ ರೋಗಾಣು ನೇರ ಹೊಟ್ಟೆಗೆ. ಅಮೆಜಾನ್ ಕಡೆಯ ಅಸಾಯಿ ಹಣ್ಣಿನ ರಸಕ್ಕೂ ಇದೇ ಮಾತು. ಕಾಯಿಸಿ ಶುದ್ಧಮಾಡಿದ ರಸವಾದರೆ ಭಯವಿಲ್ಲ. ಈ ರೋಗ ವರ್ಷಗಟ್ಟಲೆ ಸುಮ್ಮನಿದ್ದು ಮುಂದೆ ಹೃದಯಕ್ಕೆ ತೊಂದರೆ ಕೊಡಬಲ್ಲದಾದ್ದರಿಂದ ಒಂದು ಲೋಟದ ರುಚಿಗಾಗಿ ಅದನ್ನು ತಂದುಕೊಳ್ಳುವುದು ಬೇಡ. ಊಟದ ಬಗ್ಗೆ ಚಿಂತೆಯೇ ಬೇಡ. ಅನ್ನ, ಬೇಯಿಸಿದ ಬೀನ್ಸ್, ಮರಗೆಣಸಿನ ಹಿಟ್ಟು ಅವರ ದಿನನಿತ್ಯದ ಆಹಾರ, ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ.

ಸಕ್ಕರೆ ಕಾಯಿಲೆಯವರು ಇನ್ಸುಲಿನನ್ನು ಕೈಚೀಲದಲ್ಲೇ ಒಯ್ಯಬೇಕು, ವಿಮಾನದ ಕೆಳಹೊಟ್ಟೆಯ ಚಳಿಗೆ ಅದು ಕೆಡಬಹುದು. ಸಾವ್ ಪಾವ್ಲೊ ನಮಗಿಂತ ಎಂಟೂವರೆ ಗಂಟೆ ಹಿಂದೆ ಇರುವುದರಿಂದ ಮಾತ್ರೆ, ಇನ್ಸುಲಿನ್‌ಗಳ ಹೊತ್ತನ್ನು ಹೇಗೆ ಬದಲಿಸಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿರಿ. ಔಷಧದ ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಮದ್ದಿನ ಮೂಲ ಹೆಸರು ಇರಲಿ. ಹೆಸರಿಲ್ಲದ ಪುಡಿ, ಲೇಹ್ಯಗಳ ಪೊಟ್ಟಣ ಬೇಡ. ಅಲ್ಲಿ ತುರ್ತು ಆಂಬುಲೆನ್ಸಿಗೆ 192ಕ್ಕೆ ಫೋನು ಮಾಡಬೇಕು. ಅಲ್ಲಿನ ಸಾರ್ವಜನಿಕ ಆಸ್ಪತ್ರೆಗಳು ತುರ್ತು ಸ್ಥಿತಿಯಲ್ಲಿ ವಿದೇಶಿಯರಿಗೂ ಹಣ ಕೇಳದೆ ಚಿಕಿತ್ಸೆ ಕೊಡುತ್ತವೆ. ಈ ವಿಷಯದಲ್ಲಿ ಆ ದೇಶವನ್ನು ಮೆಚ್ಚಲೇಬೇಕು. ಆದರೂ ಪ್ರವಾಸ ವಿಮೆ ಮಾಡಿಸಿಕೊಳ್ಳುವುದು ಬುದ್ಧಿವಂತಿಕೆ.

ಜೂನ್, ಜುಲೈ ಅಲ್ಲಿ ಚಳಿಗಾಲ. ದಕ್ಷಿಣದ ರಾಜ್ಯಗಳಲ್ಲಿ ಹಿಮವೇ ಬೀಳುವುದುಂಟು, 1975ರ ಜುಲೈಯ ಹಿಮಕ್ಕೆ ಪರಾನಾ ರಾಜ್ಯದ ಕಾಫಿ ತೋಟಗಳು ಕರಕಲಾಗಿ ಹೋದವು. ಸ್ವೆಟರ್ ಬೇಕು. ವಿದ್ಯುತ್ತು ಕೆಲವು ಊರಲ್ಲಿ 127 ವೋಲ್ಟ್, ಕೆಲವು ಊರಲ್ಲಿ 220. ಭಾಷೆ ಪೋರ್ಚುಗೀಸ್, ಇಂಗ್ಲಿಷ್ ಬಲ್ಲವರು ಕಡಿಮೆ. ಗಾಬರಿಯಾಗಬೇಕಾಗಿಲ್ಲ. ಮೇಜು, ಚಾವಿ, ಸಾಬೂನು, ಬಟಾಟೆ ಎಲ್ಲ ನಮ್ಮ ಕರಾವಳಿಗೆ ಆ ಭಾಷೆಯಿಂದಲೇ ಬಂದವು, ಅಲ್ಲಿ ಕೇಳಿದರೆ ಪರಿಚಿತರ ಧ್ವನಿ ಕೇಳಿದಂತಾಗುತ್ತದೆ. ಅನಾನಸಿಗೆ ಮಾತ್ರ ಅವರು ‘ಅಬಕಾಶಿ’ ಎನ್ನುತ್ತಾರೆ. ಹಣ್ಣು ಅವರದು, ಹೆಸರನ್ನು ಬದಲಿಸುವ ಹಕ್ಕು ಅವರಿಗಿದೆ.

ಈಗ ನಾನು ಈ ಅಂಕಣಕ್ಕೆ ಕುಳಿತ ಮುಖ್ಯ ವಿಷಯಕ್ಕೆ ಬರುತ್ತೇನೆ.

ಬ್ರೆಜಿಲ್‌ನ ನತಾಲ್ ನಗರದ ಬಳಿ ಪಿರಾಂಜಿ ಎಂಬಲ್ಲಿ ಒಂದೇ ಒಂದು ಗೇರುಮರ ಸುಮಾರು 8,500 ಚದರ ಮೀಟರ್, ಎಂದರೆ ಎರಡು ಎಕರೆಗೂ ಮಿಗಿಲಾಗಿ ಹರಡಿಕೊಂಡಿದೆ. ಅದನ್ನು ನೋಡಿದ ಗೇರು ಕೃಷಿಕನಿಗೆ ಕೈ ತುರಿಸದೆ ಇರುತ್ತದೆಯೇ? ‘ನಾಲ್ಕು ಬೀಜ ಕಿಸೆಗೆ ಹಾಕಿಕೊಂಡರೆ ಯಾರಿಗೆ ನಷ್ಟ’ ಎಂದು ಅನ್ನಿಸುತ್ತದೆ. ಬಾಯಾದಲ್ಲಿ ಒಳ್ಳೆಯ ಕೊಕ್ಕೊ ಕೋಡು, ಸಾವ್ ಪಾವ್ಲೊ ಒಳನಾಡಿನಲ್ಲಿ ರಬ್ಬರಿನ ಒಂದು ಕಣ್ಣುಗಡ್ಡಿ ಕಂಡರೂ ಇದೇ ಆಸೆ. ಬೀಜ ಕಂಡರೆ ಬಿಡದಿರುವುದು ಕೃಷಿಕನ ಹುಟ್ಟುಗುಣ, ಅದು ಕಳ್ಳತನವಲ್ಲ. ಆದರೂ ಈ ಒಂದು ಕಡೆ ಕೈ ಕಟ್ಟಿಕೊಳ್ಳಲೇಬೇಕು.

ರಬ್ಬರಿನ ಕಥೆ ನೋಡಿ. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವ ಅಮೆಜಾನಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತದ್ದು ಎರಡೂಮುಕ್ಕಾಲು ಸಾವಿರದಷ್ಟು. ಅಲ್ಲಿಂದ ಸಸಿಗಳು ಸಿಂಹಳಕ್ಕೆ ಬಂದವು, ಏಷ್ಯಾದ ರಬ್ಬರಿನ ಬಹುಪಾಲಿಗೆ ಅವೇ ಮೂಲ. 1902ರಲ್ಲಿ ಪೆರಿಯಾರ್ ನದಿಯ ದಂಡೆಯಲ್ಲಿ ನಮ್ಮ ದೇಶದ ಮೊದಲ ವಾಣಿಜ್ಯ ತೋಟ ಎದ್ದಿತು. ಅಮೆಜಾನಿನ ಎಲೆ ಒಣಗುವ ಶಿಲೀಂಧ್ರ ರೋಗ ಮಾತ್ರ ಆ ಬೀಜಗಳೊಡನೆ ಬರಲಿಲ್ಲ. ಅದೇ ನಮ್ಮ ಭಾಗ್ಯ. ಅತ್ತ ಬ್ರೆಜಿಲ್‌ನಲ್ಲಿ 1928ರಿಂದ ಮೋಟಾರು ಧಣಿ ಹೆನ್ರಿ ಫೋರ್ಡ್ ತಪಜೋಸ್ ನದಿಯ ದಂಡೆಯಲ್ಲಿ ಫೋರ್ಡ್‌ಲಾಂಡಿಯಾ ಎಂಬ ಪಟ್ಟಣವನ್ನೇ ಕಟ್ಟಿ ರಬ್ಬರ್ ನೆಟ್ಟ. ಮರಗಳ ತಲೆಗಳು ಒಂದಕ್ಕೊಂದು ಮುಟ್ಟುವಷ್ಟರಲ್ಲಿ ರೋಗ ಹೊಕ್ಕು ಎಲೆ ಉದುರಿಸಿತು. 1934ರಲ್ಲಿ ಬೆಲ್‌ತೆರ್ರಾ ಎಂಬಲ್ಲಿ ಮತ್ತೆ ನೆಟ್ಟರು, ಅಲ್ಲಿಯೂ ಅದೇ ಗತಿ. 1945ರಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟು ಹೋದರು. ಜಗತ್ತಿನಲ್ಲೇ ದೊಡ್ಡ ಶ್ರೀಮಂತನ ಹಣ, ಯಂತ್ರ, ತಜ್ಞರು ಎಲ್ಲ ಇದ್ದೂ ಸೋತರು. ಎರಡು ಎಕರೆ ರಬ್ಬರಿನಲ್ಲಿ ಮಕ್ಕಳ ಫೀಸು ಕಟ್ಟುವ ನಾವು ಆ ರೋಗದೆದುರು ನಿಲ್ಲುತ್ತೇವೆಯೇ? ಈ ಶಿಲೀಂಧ್ರದ ಬೀಜಕಣಗಳು ಬಟ್ಟೆ, ಟೋಪಿ, ಶೂಗಳ ಮೇಲೆ ಕೂತು ಕೆಲವು ದಿನ ಜೀವ ಹಿಡಿದಿರಬಲ್ಲವು. ವಿಮಾನದ ಪ್ರಯಾಣವೋ ಒಂದೂವರೆ ದಿನ.

ಕೊಕ್ಕೊದ ಕಥೆ ಇನ್ನೂ ಹತ್ತಿರದ್ದು. ಅಮೆಜಾನ್ ಕಡೆ ಮಾತ್ರ ಇದ್ದ, ಕೊಂಬೆಗಳನ್ನು ಪೊರಕೆಯಂತೆ ಮಾಡುವ ‘ಮಾಟಗಾತಿ ಪೊರಕೆ’ ರೋಗ 1989ರಲ್ಲಿ ಬಾಯಾ ರಾಜ್ಯದ ತೋಟಗಳಿಗೆ ಹೊಕ್ಕಿತು. ಹತ್ತು ವರ್ಷಗಳಲ್ಲಿ ಕೊಕ್ಕೊ ರಫ್ತು ಮಾಡುತ್ತಿದ್ದ ದೇಶ ಆಮದು ಮಾಡುವಂತಾಯಿತು, ಲಕ್ಷಾಂತರ ಕೂಲಿಕಾರರು ಕೆಲಸ ಕಳೆದುಕೊಂಡು ಪಟ್ಟಣ ಸೇರಿದರು. ರೋಗ ಬಂದದ್ದು ಗಾಳಿಯಲ್ಲಿ ಹಾರಿ ಅಲ್ಲ, ಮನುಷ್ಯರ ಕೈಯಲ್ಲಿ ಎಂಬುದು ಅಲ್ಲಿನವರ ನಂಬಿಕೆ. ಅದು ಸಾಲದೆಂಬಂತೆ 2021ರಲ್ಲಿ ಆಕ್ರೆ ರಾಜ್ಯದಲ್ಲಿ ಕೋಡುಗಳ ಮೇಲೆ ಬಿಳಿ ಹಿಟ್ಟು ಕಟ್ಟಿಸಿ ಕೊಳೆಸುವ ಇನ್ನೊಂದು ರೋಗವೂ ಕಾಣಿಸಿತು.

‘ನಮ್ಮ ಗೇರು, ಮರಗೆಣಸು, ಅನಾನಸು ಎಲ್ಲ ಅಲ್ಲಿಂದಲೇ ಬಂದದ್ದು. ಆಗ ತಂದವರಿಗೆ ಯಾರು ತಡೆಹಾಕಿದರು? ಈಗ ನಮಗೆ ಮಾತ್ರ ಯಾಕೆ?’ ಎಂದು ಕೇಳುವವರ ಪ್ರಶ್ನೆಯಲ್ಲಿ ಅರ್ಥವಿದೆ. ಉತ್ತರ ಇಷ್ಟೇ. ಆಗ ಹಡಗಿನ ಪ್ರಯಾಣಕ್ಕೆ ತಿಂಗಳುಗಳು ಬೇಕಿದ್ದವು, ಬಹಳ ರೋಗಗಳು ದಾರಿಯಲ್ಲೇ ಸತ್ತವು. ಈಗ ಹಾಗಿಲ್ಲ. ಕಾಫಿಯ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡಿತು, ತೆಂಗಿನ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿಯಲ್ಲಿ, ಜೋಳದ ಸೈನಿಕ ಹುಳು 2018ರಲ್ಲಿ ಕರ್ನಾಟಕದಲ್ಲಿ. ಮೂರೂ ಪರದೇಶದವು. ಇವಕ್ಕೆ ನಾವು ತೆತ್ತ, ಇನ್ನೂ ತೆರುತ್ತಿರುವ ದಂಡ ಎಲ್ಲರಿಗೂ ಗೊತ್ತು. ಒಳ್ಳೆಯ ತಳಿ ಬೇಡವೆಂದು ನಾನು ಹೇಳುತ್ತಿಲ್ಲ. ಹೊಸ ಕೊಕ್ಕೊ ತಳಿಗಳು ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆಗೆ ಇಂಗ್ಲೆಂಡಿನ ರೆಡಿಂಗ್ ನಗರದ ಮೂಲಕ ಬಂದಿವೆ. ಅಲ್ಲಿ ಗಿಡಗಳನ್ನು ಎರಡು ವರ್ಷ ಪ್ರತ್ಯೇಕವಾಗಿ ಬೆಳೆಸಿ, ರೋಗವಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಿಡುವುದು. ವಿಜ್ಞಾನಿಗಳು ಎರಡು ವರ್ಷ ಕಾಯುವಾಗ ನಾವು ಕಿಸೆಯಲ್ಲಿ ತಂದು ಮರುದಿನವೇ ಮಣ್ಣಿಗೆ ಹಾಕುವುದು ಯಾವ ನ್ಯಾಯ? 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಪರವಾನಗಿಯಿಲ್ಲದೆ ಬೀಜ, ಸಸಿ, ಮಣ್ಣು ತರುವುದು ಅಪರಾಧವೂ ಹೌದು.

ಎಚ್ಚರ ಒಂದೇ ಬದಿಯದ್ದಾಗಬಾರದು. ಬ್ರೆಜಿಲ್‌ನ ಬಿಳಿ ನೆಲ್ಲೋರ್ ದನ ನಮ್ಮ ಆಂಧ್ರದ ಓಂಗೋಲ್ ತಳಿಯ ಸಂತಾನ, ಅಲ್ಲಿನ ಹಾಲಿನ ಗಿರ್ ದನ ಗುಜರಾತಿನದ್ದು. ಅದನ್ನು ನೋಡಲೆಂದೇ ಹೋಗುವ ಹೈನುಗಾರರಿದ್ದಾರೆ. 2025ರ ಮೇ ತಿಂಗಳಿನಲ್ಲಿ ಆ ದೇಶಕ್ಕೆ, ಲಸಿಕೆ ಹಾಕದೆಯೂ ಕಾಲುಬಾಯಿ ಜ್ವರದಿಂದ ಮುಕ್ತವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಲಸಿಕೆ ನಿಲ್ಲಿಸಿದ ಮೇಲೆ ಅಲ್ಲಿನ ಕೋಟಿಗಟ್ಟಲೆ ದನಗಳಿಗೆ ಆ ರೋಗದೆದುರು ರಕ್ಷಣೆಯಿಲ್ಲ. ನಮ್ಮ ಹಟ್ಟಿಗಳಲ್ಲಿ ಆ ಜ್ವರ ಇನ್ನೂ ಇದೆ. ಹಟ್ಟಿಗೆ ಹಾಕುವ ಚಪ್ಪಲಿಯಲ್ಲೇ ವಿಮಾನ ಹತ್ತಿ, ಅದರಲ್ಲೇ ಇನ್ನೊಬ್ಬರ ಹಟ್ಟಿಗೆ ಇಳಿಯುವುದು ಅತಿಥಿಗೆ ತಕ್ಕ ನಡತೆಯಲ್ಲ. ಮನೆಯಲ್ಲಿ ಮಾಡಿದ ಮಾಂಸದ ಉಪ್ಪಿನಕಾಯಿ, ಹಾಲಿನ ಪದಾರ್ಥ, ಬಿತ್ತನೆಯ ಬೀಜಗಳನ್ನು ಅವರ ಗಡಿಯ ಕೃಷಿ ತಪಾಸಣೆಯವರು ತೆಗೆದುಕೊಂಡರೆ ಮುನಿಸಿಕೊಳ್ಳಬಾರದು.

ಆದ್ದರಿಂದ ಹೋಗುವಾಗಲೂ ಬರುವಾಗಲೂ ತೋಟ, ಹಟ್ಟಿಗಳಿಗೆ ಹಾಕುವ ಪಾದರಕ್ಷೆ ಬೇರೆಯೇ ಇರಲಿ. ಸಾಧ್ಯವಾದರೆ ಅಗ್ಗದ ಒಂದು ಜೋಡಿ ಕೊಂಡು ಅಲ್ಲಿಯೇ ಬಿಟ್ಟುಬನ್ನಿ. ರಬ್ಬರ್ ತೋಟಕ್ಕೆ ಹೊಕ್ಕ ದಿನದ ಬಟ್ಟೆಯನ್ನು ಅಲ್ಲಿಯೇ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿ, ತಲೆಗೂ ಸ್ನಾನ ಮಾಡಿ. ಕನ್ನಡಕ, ಟೋಪಿ, ಕೆಮರಾದ ಚೀಲ ಒರೆಸಿರಿ. ಊರಿಗೆ ಬಂದ ಮೇಲೂ ಒಂದು ವಾರ ಸ್ವಂತ ರಬ್ಬರ್ ತೋಟದ ಕಡೆ ಹೋಗದಿದ್ದರೆ ಟ್ಯಾಪಿಂಗ್ ನಿಂತುಹೋಗುವುದಿಲ್ಲ, ಮನೆಯಲ್ಲಿ ಬೇರೆಯವರಿದ್ದಾರೆ. ಮೊಮ್ಮಕ್ಕಳಿಗೆ ತರಲು ಹುರಿದು ಪೊಟ್ಟಣ ಕಟ್ಟಿದ ಕಾಫಿಪುಡಿ, ಚಾಕೊಲೇಟು ಬೇಕಾದಷ್ಟು ಸಿಗುತ್ತವೆ. ಹಿಂದಿರುಗಿ ಒಂದು ತಿಂಗಳೊಳಗೆ ಜ್ವರ ಬಂದರೆ, ವೈದ್ಯರು ಕೇಳದಿದ್ದರೂ, ಬ್ರೆಜಿಲ್‌ಗೆ ಹೋಗಿ ಬಂದದ್ದನ್ನೂ ಅಲ್ಲಿ ಯಾವ ಊರು, ಯಾವ ಕಾಡು, ಯಾವ ಹಟ್ಟಿಗೆ ಹೋಗಿದ್ದೀರೆಂಬುದನ್ನೂ ಮೊದಲ ಮಾತಿನಲ್ಲೇ ಹೇಳಿರಿ. ಇಲ್ಲವಾದರೆ ಅವರು ಡೆಂಗ್ಯೂ ಎಂದೇ ತಿಳಿದು ಚಿಕಿತ್ಸೆ ಆರಂಭಿಸುತ್ತಾರೆ.